ಲಕ್ಷ್ಮಿದೇವಮ್ಮನ ಹದಿನಾಲ್ಕು ಹೆಸರು

ಲಕ್ಷ್ಮಿದೇವಮ್ಮನನ್ನು ಯಾರಾದರೂ ಸಮಾಜ ಸೇವಕಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಕೆ ಹೋಟೆಲಿನವಳು. ಅರಕಲಗೂಡು ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ದೇವಯ್ಯ ತೀರಿಕೊಂಡ ಮೇಲೆ, ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ನಮ್ಮೂರಿನ ಬಸ್ ಸ್ಟಾಪಿನಲ್ಲಿ ಶೀಟಿನ ಹೋಟೆಲನ್ನು ಇಪ್ಪತ್ತೆರಡು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಾಳೆ. ಮೂರನೇ ಸಲ ಚಟ್ನಿ ಕೇಳಿದವರಿಗೆ ಸೌಟು ತೋರಿಸುತ್ತಾಳೆ. ಇಡ್ಲಿ ಗಟ್ಟಿ ಎಂದವರಿಗೆ ಹಲ್ಲು ಗಟ್ಟಿ ಮಾಡಿಕೊಂಡು ಬಾ ಎನ್ನುತ್ತಾಳೆ. ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ನನ್ನ ಹೆಸರು ನಟರಾಜ್. ಈ ಊರಿನ ಯಾವ ಅರ್ಜಿಯೂ ನನ್ನ ಕೈ ದಾಟದೆ ಯಾವ ಆಫೀಸನ್ನೂ ಮುಟ್ಟುವುದಿಲ್ಲ.

ಅವಳದೊಂದು ಪದ್ಧತಿಯಿತ್ತು. ಸಂಜೆ ನಾಲ್ಕರ ಮೇಲೆ ಗಿರಾಕಿ ಕಡಿಮೆ. ಕಾಲೇಜು ಬಿಟ್ಟು ಬಸ್ಸಿಗೆ ಕಾಯುವ ಹುಡುಗ ಹುಡುಗಿಯರನ್ನು ಕೂಗಿ ಕರೆದು, ಮೊರದ ತುಂಬ ಬೆಳ್ಳುಳ್ಳಿ ಸುರಿದು, ಸುಲಿಯಿರಿ ಎನ್ನುವಳು. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿತುಕಿಸುವಳು. ಕೂಲಿ ಒಂದು ಲೋಟ ಟೀ. ತಲೆ ತಗ್ಗಿಸಿ, ಒಬ್ಬರ ಮುಖ ಒಬ್ಬರು ನೋಡದೆ, ಕೈ ಆಡಿಸುತ್ತ ಕೂತಾಗ ಮನೆಯಲ್ಲಿ ಆಡದ ಮಾತೆಲ್ಲ ಆ ಮಕ್ಕಳ ಬಾಯಿಂದ ಬರುತ್ತಿತ್ತು. ಫೇಲಾದದ್ದು, ಅಪ್ಪ ಕುಡಿದು ಬಂದು ಬಡಿದದ್ದು, ನಿದ್ದೆ ಬಾರದ್ದು. ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು ಅವರಿಗೆ ಮಾತ್ರ ಬುದ್ಧಿ ಹೇಳುತ್ತಿರಲಿಲ್ಲ. ಹೂಂಗುಟ್ಟುತ್ತ ಪಾತ್ರೆ ಉಜ್ಜುತ್ತಿದ್ದಳು.

ಕಟ್ಟಾಯದ ಕಡೆಯ ಬೈರಯ್ಯನ ಮಗಳು ಶೋಭಿತಾ, ಡಿಗ್ರಿ ಎರಡನೇ ವರ್ಷದವಳು, ಹಾಗೇ ಒಂದು ಸಂಜೆ ಸುಲಿಯುತ್ತ, ನಾಲೆಯ ಸೇತುವೆ ಮೇಲೆ ಹೋಗಿ ತುಂಬ ಹೊತ್ತು ನಿಂತಿದ್ದೆ ಎಂದಳು. ಮರುದಿನ ಹೋಟೆಲಿಗೆ ಬೀಗ ಬಿತ್ತು. ದೇವಯ್ಯನ ತಿಥಿಗೂ ಬೀಳದ ಬೀಗ. ಲಕ್ಷ್ಮಿದೇವಮ್ಮ ಆ ಹುಡುಗಿಯನ್ನು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮನೆಯಲ್ಲಿ ಹೇಳಲು ಹುಡುಗಿ ಸುತರಾಂ ಒಪ್ಪಲಿಲ್ಲ. ಆದ್ದರಿಂದ ಮಾತ್ರೆಗಳು ಹೋಟೆಲಿನಲ್ಲೇ ಉಳಿದವು. ದಿನಾ ಸಂಜೆ ಬಂದು ಒಂದು ನುಂಗಿ ಬಸ್ ಹತ್ತಬೇಕು, ಭಾನುವಾರದ್ದನ್ನು ಪೊಟ್ಟಣ ಕಟ್ಟಿಕೊಡುವಳು. ಆರು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಎದುರಿಗೇ ಇದ್ದ ನನಗೆ ಇದೊಂದೂ ಗೊತ್ತಾಗಲಿಲ್ಲ.

ಇಂಥ ಕಡೆಗೆ ಬಂದ ಮಹಾನುಭಾವ ರವೀಶ್. ಯಾವುದೋ ಟ್ರಸ್ಟಿನ ಜಿಲ್ಲಾ ಸಂಯೋಜಕ. ಕುತ್ತಿಗೆಗೆ ಐಡಿ ಕಾರ್ಡು, ಕೈಯಲ್ಲಿ ನೀರಿನ ಬಾಟ್ಲಿ, ಬಾಯಲ್ಲಿ ‘ಸಮುದಾಯ ಯುವ ಮಾನಸಿಕ ಸ್ವಾಸ್ಥ್ಯಕ್ಕೆ ಕಿರು ಅನುದಾನ’. ಹೋಟೆಲಿನ ಶೀಟು ಸೋರುತ್ತಿತ್ತು, ಮಕ್ಕಳು ಕೂರಲು ಜಾಗ ಸಾಲದು. ಅಷ್ಟಾದರೂ ಆಗಲಿ ಎಂದು ಲಕ್ಷ್ಮಿದೇವಮ್ಮ ಹೆಬ್ಬೆರಳೊತ್ತಿದಳು, ನಾನು ಅರ್ಜಿ ಟೈಪು ಮಾಡಿದೆ. ಅನುದಾನ ಬಂತು. ಶೀಟಿಗೆ ಅದರಲ್ಲಿ ಅವಕಾಶವಿಲ್ಲವಂತೆ. ಬ್ಯಾನರಿಗೆ ಇದೆಯಂತೆ.

ಬೆಳ್ಳುಳ್ಳಿ ಕಂಡು ರವೀಶನ ಮುಖ ಹುಳ್ಳಗಾಯಿತು. ಯುವಜನರನ್ನು ದುಡಿಸಿಕೊಳ್ಳುವುದು ತಮ್ಮ ಟ್ರಸ್ಟಿನ ನೀತಿಗೆ ವಿರುದ್ಧ ಎಂದ. ಮೊರ ಒಳಗೆ ಹೋಯಿತು, ಪ್ಲಾಸ್ಟಿಕ್ ಕುರ್ಚಿಗಳು ಹೊರಗೆ ಬಂದವು. ಮಕ್ಕಳನ್ನು ಸುತ್ತಲೂ ಎದುರುಬದುರು ಕೂರಿಸಿ, ನಿಮ್ಮ ದುಃಖಕ್ಕೆ ಒಂದರಿಂದ ಹತ್ತರೊಳಗೆ ಅಂಕ ಕೊಡಿ ಎಂದು ಕೇಳಿದ. ಪರೀಕ್ಷೆಯಲ್ಲಿ ಜಸ್ಟ್ ಪಾಸಾಗಿ ಅಭ್ಯಾಸವಿದ್ದ ಹುಡುಗರು ಎಲ್ಲರೂ ಐದು ಎಂದರು. ಅವನು ಫೋಟೊ ಹೊಡೆದು, ಸ್ಪಂದನೆ ಅದ್ಭುತ ಎಂದು ಬರೆದುಕೊಂಡ. ಥೂ.

ಹೋಗುವಾಗ ಒಂದು ಪಟ್ಟಿ ಕೇಳಿದ, ಯಾರ್‍ಯಾರು ಬರುತ್ತಾರೆ ಎಂದು. ಲಕ್ಷ್ಮಿದೇವಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಹದಿನಾಲ್ಕು ಹೆಸರು ಹೇಳಿದಳು. ನಾನು ಟೈಪು ಮಾಡಿ, ‘ಮಾನಸಿಕ ಸ್ವಾಸ್ಥ್ಯ ಯೋಜನೆಯ ಫಲಾನುಭವಿಗಳು’ ಎಂದು ಮೇಲೆ ದಪ್ಪಕ್ಷರ ಹಾಕಿ ಅವನಿಗೊಂದು ಪ್ರತಿ ಕೊಟ್ಟೆ. ಇನ್ನೊಂದು ಪ್ರತಿಗೆ ಮೈದಾ ಅಂಟು ಬಳಿದು ಪಂಚಾಯ್ತಿ ಗೋಡೆಗೆ ಹಚ್ಚಿದೆ. ಯಾರೂ ಹಚ್ಚು ಎನ್ನಲಿಲ್ಲ. ಮನೆ ಪಟ್ಟಿ, ಕುರಿ ಪಟ್ಟಿ, ಹೊಲಿಗೆ ಯಂತ್ರದ ಪಟ್ಟಿ, ಫಲಾನುಭವಿ ಎಂಬ ಮಾತು ಕಂಡರೆ ಹದಿನೈದು ವರ್ಷದಿಂದ ನನ್ನ ಕೈ ತಾನಾಗಿ ಗೋಡೆಗೆ ಹೋಗುತ್ತದೆ. ರವೀಶನನ್ನು ಇಷ್ಟು ಬೈದೆನಲ್ಲ, ಅವನಿಗಿಂತ ದೊಡ್ಡ ಮುಠ್ಠಾಳ ನಾನು.

ನಮ್ಮ ಜನ ಆ ಮಕ್ಕಳನ್ನು ಆಡಿಕೊಂಡು ನಕ್ಕಿದ್ದರೆ ಅದಾದರೂ ಅರ್ಥವಾಗುತ್ತಿತ್ತು. ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ಪಟ್ಟಿ ಎಂದರೆ ಸಾಕು, ಸೌಲಭ್ಯ. ನಮ್ಮೂರಿನ ಬೀರಲಿಂಗಯ್ಯ ತನ್ನ ಇಬ್ಬರು ಮಕ್ಕಳನ್ನು ಯಾಕೆ ಬಿಟ್ಟಿರಿ ಎಂದು ಜಗಳಕ್ಕೆ ಬಂದ. ಪಂಚಾಯ್ತಿ ಮೆಂಬರ್ ಲಕ್ಕಯ್ಯ ತನ್ನ ಅಕ್ಕನ ಮಗನಿಗೂ ಸಣ್ಣಗೆ ತಲೆ ಕೆಟ್ಟಿದೆ, ಬೇಕಾದರೆ ಬರೆದುಕೊಡುತ್ತೇನೆ ಎಂದ. ಹೋಟೆಲಿನ ಮುಂದೆ ಆಧಾರ್ ಕಾರ್ಡು ಹಿಡಿದು ಜನ ನಿಂತರು. ಆ ಹದಿನಾಲ್ಕು ಜನರಲ್ಲಿ ಒಬ್ಬರೂ ಹೋಟೆಲಿನ ಕಡೆ ಸುಳಿಯಲಿಲ್ಲ. ಬಸ್ಸನ್ನು ಮುಂದಿನ ಸ್ಟಾಪಿಗೆ ನಡೆದು ಹೋಗಿ ಹತ್ತುತ್ತಿದ್ದರು.

ಒಂಬತ್ತನೆಯ ದಿನ ಲಕ್ಷ್ಮಿದೇವಮ್ಮ ಗೋಡೆಯಿಂದ ಕಿತ್ತ ಪಟ್ಟಿ ಹಿಡಿದು ನನ್ನ ಅಂಗಡಿಗೆ ನುಗ್ಗಿದಳು. ಗೋಡೆಗೆ ಹಚ್ಚಿದವನು ನಾನೇ ಎಂದು ಯಾರೋ ಹೇಳಿದ್ದರು.

“ಲೇ ನಟರಾಜ, ಮಕ್ಕಳು ನಂಬಿ ಆಡಿದ್ ಮಾತ್ನ ಗೋಡೆಗೆ ಬಳುದ್ಬುಟ್ಟಲ್ಲೋ. ಆ ಎಣ್ಣಿನ ಮಾತ್ರೆ ಒಂಬತ್ತು ದಿನದಿಂದ ನನ್ ಡಬ್ಬದಲ್ಲಿ ಬಿದ್ದವೆ.”

ಆಗಲೇ ಅವಳು ಎಲ್ಲವನ್ನೂ ಹೇಳಿದ್ದು. ಡಾಕ್ಟರು, ಒಂದು ದಿನವೂ ನಿಲ್ಲಿಸಬಾರದು ಎಂದಿದ್ದರಂತೆ. ಶೋಭಿತಾ ಫೋನ್ ಎತ್ತುತ್ತಿರಲಿಲ್ಲ. ಮನೆಗೇ ಹೋಗಬೇಕೆಂದರೆ, ಯಾಕೆ ಬಂದೆ ಎಂದು ಕೇಳುವ ಬೈರಯ್ಯನಿಗೆ ಏನು ಹೇಳುವುದು? ಮನೆಯವರಿಗೆ ಹೇಳುವುದಿಲ್ಲ ಎಂದು ಹುಡುಗಿಗೆ ಮಾತು ಕೊಟ್ಟಿದ್ದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಕಟ್ಟಾಯದ ಬಸ್ಸಿನಿಂದ ಬೈರಯ್ಯನೇ ಇಳಿದ. ಹಿಂದೆ ಮಗಳು, ಇಳಿದುಹೋದ ಮುಖ. ನೇರ ನನ್ನ ಅಂಗಡಿಗೇ ಬಂದು ಪಾಸ್‌ಬುಕ್ಕು ತೆಗೆದಿಟ್ಟ.

“ಪಟ್ಟೀಲಿ ಮಗಳ ಎಸ್ರದೆ ಅಂದ್ರು ಸಾ. ಅಮೌಂಟು ಅವಳ ಖಾತೆಗೆ ಬತ್ತದಾ, ನಂದಕ್ಕಾ?”

ಲಕ್ಷ್ಮಿದೇವಮ್ಮ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು.

“ಎಸ್ರು ಯಾಕದೆ ಅಂತ ಅವಳ್ನ ಕೇಳ್ದಾ ಬೈರಯ್ಯ?”

ಕೇಳುವುದೇನಿದೆ, ಸ್ಕೀಮು ಬಂದಿದೆ, ಹೆಸರು ಬಂದಿದೆ ಎಂದ ಬೈರಯ್ಯ. ಕೊಟ್ಟ ಮಾತನ್ನು ಲಕ್ಷ್ಮಿದೇವಮ್ಮ ಅಲ್ಲೂ ಮುರಿಯಲಿಲ್ಲ. ಮಾತಾಡಿದ್ದು ಹುಡುಗಿ, ಪಾಸ್‌ಬುಕ್ಕನ್ನು ನೋಡುತ್ತ.

“ಅದು ಸ್ಕೀಮಲ್ಲ ಕಣಪ್ಪ. ನಂಗೆ ಉಸಾರಿಲ್ಲ. ಒಂದೂವರೆ ವರ್ಸದಿಂದ ಬದುಕಕ್ಕೇ ಮನ್ಸಿಲ್ಲ.”

ಲಕ್ಷ್ಮಿದೇವಮ್ಮ ಮಾತ್ರೆ ಮತ್ತು ನೀರು ತರಲು ಆಗಲೇ ರಸ್ತೆ ದಾಟುತ್ತಿದ್ದಳು. ಬೈರಯ್ಯ ಪಾಸ್‌ಬುಕ್ಕನ್ನು ಜೇಬಿಗೆ ಹಾಕಲು ಹೋಗಿ ಕೆಳಗೆ ಬೀಳಿಸಿದ, ಎತ್ತಿಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕುಕ್ಕರಿಸಿ ಕೂತು ಕೇಳಿದ:

“ಒಂದೂವರೆ ವರ್ಸ ನಾನೆಲ್ಲಿ ಓಗಿದ್ನವ್ವಾ?”

ಹುಡುಗಿ ಬಗ್ಗಿ ಪಾಸ್‌ಬುಕ್ಕು ಎತ್ತಿ ಅವನ ಕೈಗೆ ಕೊಟ್ಟಳು.

“ನೀನು ಮನೇಲೇ ಇದ್ದೆ ಕಣಪ್ಪ.”