ಚಹಾದ ಹಡಗಿನಲ್ಲಿ ಬಿಗಿದ ಗಂಟು

ಗಣಿಯ ಭರಾಟೆಯ ವರ್ಷಗಳಲ್ಲಿ ಹೊಸಪೇಟೆಯ ನಮ್ಮ ಪಕ್ಕದ ಮನೆಯ ಯಜಮಾನರಿಗೆ ಅದಿರಿನ ಲಾರಿಗಳಿದ್ದವು. ಅವು ಬೀದಿಗೆ ಬಂದರೆ ನನ್ನ ಬಿಳಿ ಅಂಗಿ, ತುಳಸಿಕಟ್ಟೆ, ಮೊಸರಿನ ಪಾತ್ರೆ ಎಲ್ಲವೂ ಧೂಳಿಗೆ ಕೆಂಪು. "ಲೋಡಿನ ಮ್ಯಾಲೆ ತಾಡಪತ್ರಿ ಕಟ್ಟಿಸ್ರಿ" ಎಂದರೆ ಹೆಗಲ ಟವೆಲ್ ಕೊಡವಿ, "ಭಾಳ ತಲಿ ಕೆಡಿಸ್ಕೋಬ್ಯಾಡ್ರಿ" ಎನ್ನುತ್ತಿದ್ದರು.

ಅವರೇ, ನನಗೆ ಇಂಗ್ಲಿಷ್ ಬರುತ್ತದೆಂದು, ಅಮೆರಿಕಾ ಪ್ರವಾಸಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿನ ಒಂದು ಬಂದರಿನ ಊರಿನಲ್ಲಿ ಹಳೆಯ ಹಡಗಿನ ಮಾದರಿಯ ಮ್ಯೂಸಿಯಂ. ಬ್ರಿಟಿಷರ ತೆರಿಗೆಯ ಮೇಲಿನ ಸಿಟ್ಟಿಗೆ ಆ ಊರಿನವರು ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಕತೆ ಹೇಳಿ, ನೋಡಲು ಬಂದವರಿಂದಲೂ ಎಸೆಯಿಸುತ್ತಾರೆ. ಪೆಟ್ಟಿಗೆ ಖಾಲಿ, ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಮತ್ತೆ ಮೇಲೆಳೆಯುತ್ತಾರೆ.

ಎಲ್ಲರೂ ಕೂಗುತ್ತ ಎಸೆದರು. ಇವರು ಮಾತ್ರ ಪೆಟ್ಟಿಗೆ ತಬ್ಬಿಕೊಂಡು ನಿಂತರು.

"ಎಸೀರಿ, ಮಂದಿ ಕಾಯಾಕತ್ತಾರ!"

"ಇನ್ನೊಬ್ರ ಮಾಲು ಚೆಲ್ಲಬಾರ್ದ್ರಿ."

ಅದರಲ್ಲಿ ಏನೂ ಇಲ್ಲವೆಂದು ಗಂಟಲು ಹರಿದುಕೊಂಡೆ. ಅಷ್ಟರಲ್ಲಿ ಅವರು ಅದೇ ಹಗ್ಗದಿಂದ ಪೆಟ್ಟಿಗೆಯನ್ನು ಹಡಗಿನ ಕಂಬಿಗೆ ಬಿಗಿದು, ಟವೆಲ್ ಕೊಡವಿದರು. "ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ಇನ್ನ ಅಲ್ಲಾಡಂಗಿಲ್ಲ." ಮ್ಯೂಸಿಯಂ ಸಿಬ್ಬಂದಿ ಎಷ್ಟು ಹೆಣಗಿದರೂ ಆ ಗಂಟು ಬಿಚ್ಚಲಿಲ್ಲ. ಮುಂದಿನ ತಂಡದ ಬಂಡಾಯ ದಡದಲ್ಲೇ ನಿಂತಿತು.

ಲಾರಿಗೊಂದು ತಾಡಪತ್ರಿ ಕಟ್ಟಿಸದವರಿಗೆ ಅಂಥ ಗಂಟು ಹಾಕಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಊರಿಗೆ ಮರಳಿದ ಮಾರನೆಯ ಬೆಳಿಗ್ಗೆ ಅವರ ಲಾರಿಯ ಸದ್ದು ಕೇಳಿಸಿತು. ನಾನು ಎದ್ದು ಹೋಗಿ ಮೊಸರಿನ ಪಾತ್ರೆ ಮುಚ್ಚಿದೆ.