ಹಕ್ಕಲಾಯ್ದ ಮೇಷ್ಟ್ರು

ಪಾಠದಲ್ಲಿ ಹೊಸ ಕ್ರಿಯಾಪದ ಬಂತೆಂದರೆ ನಮ್ಮ ಇಂಗ್ಲಿಷ್ ಮೇಷ್ಟ್ರು ರುದ್ರಪ್ಪನವರು ಮೊದಲು ಪಂಚೆ ಎತ್ತಿ ಕಟ್ಟುತ್ತಿದ್ದರು. ಆಮೇಲೆ ಕನ್ನಡಕ ತೆಗೆದು ಜೇಬಿಗಿಡುತ್ತಿದ್ದರು. ಇನ್ನು ಇವರು ಕುರ್ಚಿಯಲ್ಲಿ ಕೂರುವವರಲ್ಲ ಎಂದು ನಮಗೆ ತಿಳಿದುಬಿಡುತ್ತಿತ್ತು. 'ವೇಡ್' ಎಂದರೆ ನೀರಿನಲ್ಲಿ ನಡೆಯುವುದು ಎಂದು ತೋರಿಸಲು ಗುಡವಿ ಕೆರೆಯ ಕೊಕ್ಕರೆಯ ಹಾಗೆ ಒಂದೊಂದೇ ಕಾಲೆತ್ತಿ ಒಣ ನೆಲದ ಮೇಲೆ ನಡೆದರು. 'ಕ್ರೌಚ್' ಬಂದ ದಿನ ಮೇಜಿನ ಕೆಳಗೆ ಮುದುರಿ ಕೂತಿದ್ದಾಗಲೇ ಹೆಡ್ಮಾಸ್ಟರು ಬಂದರು. ಮೇಷ್ಟ್ರು ಅಲ್ಲಿಂದಲೇ, "ನಮಸ್ಕಾರ ಸರ್, ಪಾಠ ನಡದೈತ್ರೀ" ಅಂದರು.

"ಕ್ರಿಯಾಪದ ಅಂದ್ರೆ ಕೆಲಸ. ಕುಂತ್ಕಂಡ್ರೆ ಬರಾದಿಲ್ಲ" ಎನ್ನುವುದು ಅವರ ಮಾತು. ಶಿಕಾರಿಪುರದ ಬಟ್ಟೆ ಅಂಗಡಿ ಮನೆತನ ಅವರದು. ಅಣ್ಣತಮ್ಮಂದಿರೆಲ್ಲ ಗಲ್ಲೆಯ ಮೇಲೆ ಕೂತರೆ ಇವರು ದಿನಾ ಬಸ್ಸು ಹತ್ತಿ ಸೊರಬಕ್ಕೆ ಪಾಠ ಹೇಳಲು ಬರುತ್ತಿದ್ದರು. ಸಂಜೆ ಬಸ್ಸಿಗೆ ಮುಂಚೆ ಶಾಲೆಯ ಜಗಲಿಯಲ್ಲಿ ಇನ್ನೊಂದು ಕ್ಲಾಸು. ಅದು ಹತ್ತನೇ ತರಗತಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದವರಿಗೆ. ಆ ಜಗಲಿಯಲ್ಲಿ ನನ್ನ ಜಾಗ ಭದ್ರವಾಗಿತ್ತು, ಯಾಕೆಂದರೆ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ.

ನನಗೆ ನರ್ಸ್ ಆಗಬೇಕಿತ್ತು. ಕ್ಯಾಸನೂರಿನ ನಮ್ಮ ಅತ್ತೆ ಮನೆಗೆ ಹೋದಾಗಲೆಲ್ಲ ಮಂಗನ ಕಾಯಿಲೆಯ ಸೂಜಿ ಹಾಕಲು ಕಾಡಂಚಿನ ಮನೆಮನೆಗೂ ನಡೆದು ಬರುತ್ತಿದ್ದ ನರ್ಸಮ್ಮನನ್ನು ಕಂಡಿದ್ದೆ. ಅವರ ಬ್ಯಾಗು ಹೊರುವ ಆಸೆ ಹುಟ್ಟಿದ್ದು ಆಗಲೇ. ಅಪ್ಪ ಮಾತ್ರ ಖಂಡತುಂಡವಾಗಿ ಹೇಳಿದ್ದರು: "ಇದೊಂದು ಸಲ ನೋಡು ಸುಶೀಲಾ. ಆಗ್ಲಿಲ್ಲ ಅಂದ್ರೆ ಪುಸ್ತಕ ಅಟ್ಟಕ್ಕೆ."

ಸುಗ್ಗಿಯ ದಿನಗಳಲ್ಲಿ ಪಾಠದೊಳಗೆ 'ಗ್ಲೀನ್' ಎಂಬ ಪದ ಸಿಕ್ಕಿತು. ಗೈಡಿನಲ್ಲಿ ನೋಡಿ 'ಸಂಗ್ರಹಿಸು' ಎಂದು ನಾನು ಗಿಣಿಯ ಹಾಗೆ ಒಪ್ಪಿಸಿದೆ. ಮೇಷ್ಟ್ರ ಪಂಚೆ ಮೇಲೇರಿತು.

"ಸಂಗ್ರಹ ನಮ್ಮಣ್ಣನೂ ಅಂಗಡ್ಯಾಗೆ ಮಾಡ್ತಾನವ್ವಾ, ಗಾದಿ ಮೇಲೆ ಕುಂತ್ಕಂಡು. ಇದು ಬಗ್ಗಿ ಮಾಡೋ ಕೆಲಸ. ಕೊಯ್ಲಾದ ಗದ್ದ್ಯಾಗೆ ಉದುರಿದ ತೆನೆ ಆಯ್ತಾರಲ್ಲ, ಹಕ್ಕಲು, ಅದು! ಯಾರ ಗದ್ದೆ ಕೊಯ್ಲಾಗೈತಿ?"

"ನಮ್ದು ಸರ್," ಎಂದು ನಾನೇ ಹೆಮ್ಮೆಯಿಂದ ಕೈ ಎತ್ತಿದೆ.

ಭಾನುವಾರ ಕುಬಟೂರು ದಾರಿಯ ನಮ್ಮ ಗದ್ದೆಗೆ ಇಡೀ ಡುಮ್ಕಿ ದಂಡು ಇಳಿಯಿತು. ಎಲ್ಲರಿಗಿಂತ ಮುಂದೆ ಮೇಷ್ಟ್ರು. ಕೂಳೆ ಚುಚ್ಚಿದರೂ ಬಿಡದೆ ಒಂದೊಂದೇ ತೆನೆ ಹೆಕ್ಕುತ್ತಾ "ಐ ಗ್ಲೀನ್, ಯೂ ಗ್ಲೀನ್" ಎಂದು ಹೇಳಿಸುತ್ತಿದ್ದರು. ನನ್ನ ಲಂಗದ ಮಡಿಲು ತುಂಬಿತ್ತು. ತಲೆ ಎತ್ತಿ ನೋಡಿದರೆ ಬದುವಿನ ಮೇಲೆ ಖಾಲಿ ಬುಟ್ಟಿ ಹಿಡಿದ ಹೆಂಗಸರು ಸುಮ್ಮನೆ ನಿಂತಿದ್ದಾರೆ. ಅವರಲ್ಲಿ ಹಿರಿಯಳಾದ ಹುಚ್ಚಮ್ಮ ಕಡೆಗೂ ಬಾಯಿ ಬಿಟ್ಟಳು.

"ಮೇಷ್ಟ್ರೇ, ಪೈರು ಗೌಡ್ರದ್ದು, ನಾವು ಮುಟ್ಟಾದಿಲ್ಲ. ಹೊರೆ ಕಣಕ್ಕೆ ಹೋದ್ಮೇಲೆ ನೆಲದಾಗೆ ಬಿದ್ದಿದ್ದು ನಮ್ದು. ಗದ್ದೆಯೋರ ಮಗಳೇ ಬಂದು ಹಕ್ಕಲಾಯ್ಕಂಡ್ರೆ ನಾವೇನು ತಿನ್ನಾಣ?"

ಊರಿನ ಕಟ್ಟಳೆ ನನಗೆ ಗೊತ್ತಿಲ್ಲದ್ದೇನಲ್ಲ, ಇಂಗ್ಲಿಷಿನ ಭರಾಟೆಯಲ್ಲಿ ಮರೆತೇಹೋಗಿತ್ತು. ಪೇಟೆಯ ಮೇಷ್ಟ್ರಿಗಂತೂ ಗೊತ್ತೇ ಇರಲಿಲ್ಲ. ಅವರು ನೇರವಾಗಿ ಬದುವಿನ ಹತ್ತಿರ ಹೋಗಿ ತಮ್ಮ ಟವೆಲಿನಲ್ಲಿದ್ದ ತೆನೆಗಳನ್ನು ಹುಚ್ಚಮ್ಮನ ಬುಟ್ಟಿಗೆ ಸುರಿದರು. "ತಪ್ಪಾತು ತಾಯಿ" ಅಂದರು. ನಾವೂ ಸಾಲಾಗಿ ಹೋಗಿ ಸುರಿದೆವು.

ಮರುದಿನ ಬೋರ್ಡಿನ ಮೇಲೆ ಆ ಪದ ಬರೆದು ಹೇಳಿದರು: "ಮೊದಲ್ನೇ ಅರ್ಥ, ಹಕ್ಕಲಾಯೋದು. ಎರಡ್ನೇದು, ಅಲ್ಲಿಷ್ಟು ಇಲ್ಲಿಷ್ಟು ವಿಷಯ ಹೆಕ್ಕಿ ತಿಳ್ಕಳಾದು. ಯಾರಿಗೆ ಹಕ್ಕೈತಿ ಅಂತ ಡಿಕ್ಷನರಿ ಹೇಳಲ್ಲ, ಅದನ್ನ ಹುಚ್ಚಮ್ಮ ಹೇಳಿದ್ಲು." ಆಮೇಲೆ ನಮ್ಮ ಕಡೆ ತಿರುಗಿದರು. "ಅಂಕದ ಹೊರೆ ಹೊತ್ಕಂಡು ಹೋಗೋ ಜಾಣರು ಹೋದ್ರು. ಉದುರಿದ್ದು ನಮ್ಮ ಹಕ್ಕು. ಒಂದು ಕಾಳೂ ಬಿಡಾದು ಬ್ಯಾಡ."

ಅವತ್ತಿನಿಂದ ಅವರು ನಮ್ಮ ಬೆನ್ನು ಬಿಡಲಿಲ್ಲ. ಪತ್ರದ ಮೇಲಿನ ವಿಳಾಸ ಸರಿ ಬರೆದರೆ ಒಂದಿಷ್ಟು ಅಂಕ, ಪದ್ಯ ಬಾಯಿಪಾಠವಾದರೆ ಇನ್ನೊಂದಿಷ್ಟು, ಬಿಟ್ಟ ಸ್ಥಳ ತುಂಬಿದರೆ ಮತ್ತಷ್ಟು. ಗೊತ್ತಿಲ್ಲವೆಂದು ಹಾಳೆ ಖಾಲಿ ಬಿಟ್ಟರೆ, "ಬಗ್ಗೋಕೆ ಸೊಂಟ ನೋವೇನವ್ವಾ?" ಎಂದು ರೇಗಿಸುತ್ತಿದ್ದರು. ನಾನು ಪಾಸಾದೆ, ಅದೂ ಕೂದಲೆಳೆಯ ಅಂತರದಲ್ಲಿ. ಅಪ್ಪ ಸಿಹಿ ಹಂಚಿದರು. ಮೇಷ್ಟ್ರು ಅಂಕಪಟ್ಟಿಯನ್ನು ಕಣ್ಣಿಗೊತ್ತಿಕೊಂಡು, "ಹಕ್ಕಲಕ್ಕೀನೂ ಅನ್ನಾನೇ ಆಗ್ತತಿ" ಅಂದರು.

ಕಡೆಯ ಸಲ ಅವರನ್ನು ನೋಡಿದಾಗ ನಾನು ನರ್ಸ್ ಆಗಿದ್ದೆ. ಲಕ್ವ ಹೊಡೆದು ಮೇಷ್ಟ್ರ ಬಲಗೈ ಬಿದ್ದಿದೆ, ಮಾತೂ ಹೋಗಿದೆ ಎಂದು ಕೇಳಿ ಶಿಕಾರಿಪುರಕ್ಕೆ ಓಡಿದೆ. ನನ್ನನ್ನು ಕಂಡು ಅವರ ಕಣ್ಣು ಅರಳಿತು. ಹೆಸರಿಗಾಗಿ ಹುಡುಕಿದರು. "ಸು..." ಎಂದು ನಿಂತರು. ನಾನು ಹೇಳಿಕೊಡಲು ಹೋದರೆ ಅವರ ಹೆಂಡತಿ ಗೌರಮ್ಮ ನನ್ನ ಕೈ ಅದುಮಿದರು.

"ಬ್ಯಾಡ ಕಣವ್ವಾ. ನಾವು ಮಾತು ಎತ್ತಿಕೊಟ್ರೆ ಸಿಟ್ಟು ಬರ್ತತಿ. ತಾವೇ ಹೆಕ್ಕಬೇಕಂತೆ. ಮೊನ್ನೆ 'ನೀರು' ಸಿಕ್ತು, ನಿನ್ನೆ 'ಸಾಕು' ಸಿಕ್ತು."

ನನಗೆ ಅಳು ತಡೆಯಲಾಗಲಿಲ್ಲ. ಆದರೆ ಮೇಷ್ಟ್ರು ಅಳುವವರ ಹಾಗಿರಲಿಲ್ಲ. ಹುಬ್ಬು ಗಂಟಿಕ್ಕಿ, ಎಡಗೈಯಿಂದ ಪಂಚೆಯ ಅಂಚು ಹಿಡಿದು ಒಂದಿಷ್ಟು ಮೇಲೆಳೆದುಕೊಂಡರು. ಬಹಳ ಹೊತ್ತಿನ ಮೇಲೆ "ಸುಶೀಲಾ" ಬಂತು.

ಹೊರಟಾಗ ಬಾಗಿಲವರೆಗೆ ಗೋಡೆ ಹಿಡಿದು ಬಂದರು. "ಹೋಗಿ..." ಅಂದರು. ಮುಂದಿನದು ಸಿಗಲಿಲ್ಲ. ನಮ್ಮಲ್ಲಿ ಯಾರನ್ನೂ ಬರೀ ಹೋಗು ಎಂದು ಕಳಿಸುವುದಿಲ್ಲ. ನಾನು ಹತ್ತಬೇಕಿದ್ದ ಶಿರಾಳಕೊಪ್ಪದ ಬಸ್ಸಿನ ಹಾರ್ನು ಕೇಳುತ್ತಿತ್ತು. ಗೌರಮ್ಮ ಬಾಯಿ ತೆರೆದರು, ಮೇಷ್ಟ್ರು ಕೈ ಅಡ್ಡ ಹಿಡಿದರು. ನಾನು ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟಿ ಹಾಗೇ ನಿಂತೆ. ಅವರ ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು.

"ಬಾ" ಅಂದರು.

ಅಷ್ಟರಲ್ಲಿ ಬಸ್ಸು ಹೋಗಿತ್ತು. ಮತ್ತೆ ಆ ಮನೆಗೆ ಹೋಗುವ ಹೊತ್ತಿಗೆ ಮೇಷ್ಟ್ರೂ ಇರಲಿಲ್ಲ.