ಪೆಲಾಗಿಯಾಳ ಎರಡು ಅಂಕಿ

ನಮ್ಮ ಸ್ತಾರಾ ಲಿಪ್ನಿತ್ಸಾದಲ್ಲಿ ಬದುಕಿರುವಾಗಲೇ ಗೋರಿಕಲ್ಲು ಹಾಕಿಸಿಟ್ಟುಕೊಳ್ಳುವುದು ಮರ್ಯಾದಸ್ಥರ ಲಕ್ಷಣ. ಮಕ್ಕಳನ್ನು ನಂಬಿದರೆ ಅಗ್ಗದ್ದು ಹಾಕಿಸಿಯಾರು ಎಂಬ ಭಯ. ನನ್ನ ಪಕ್ಕದ ಮನೆಯ ಹಿಪೋಲಿತ್ ಸ್ವತಃ ಕಲ್ಲು ಕೆತ್ತುವವನು. ತನ್ನ ಮತ್ತು ಹೆಂಡತಿ ಪೆಲಾಗಿಯಾಳ ಹೆಸರುಗಳನ್ನು ಒಂದೇ ಕಲ್ಲಿನಲ್ಲಿ ಕೆತ್ತಿದ. ಇಬ್ಬರ ಸಾವಿನ ವರ್ಷಕ್ಕೂ ‘19’ ಎಂದು ಹಾಕಿ, ಮುಂದಿನ ಎರಡು ಅಂಕಿಗೆ ಜಾಗ ಬಿಟ್ಟ. ಆ ಶತಮಾನ ದಾಟಿ ಬದುಕುವ ಹುಚ್ಚು ಯೋಚನೆ ಊರಲ್ಲಿ ಯಾರಿಗೂ ಇರಲಿಲ್ಲ.

ಹಿಪೋಲಿತ್ 1987ರಲ್ಲಿ ಹೋದ. ಇವಳು ಹೋಗಲಿಲ್ಲ. ಎರಡು ಸಾವಿರದ ಇಸವಿಯ ಮೊದಲ ದಿನ ಚರ್ಚಿಗೆ ಬಂದವಳನ್ನು ಜನ ಟಿಕೆಟ್ಟಿಲ್ಲದೆ ಬಸ್ಸು ಹತ್ತಿದವಳಂತೆ ನೋಡಿದರು. ಸತ್ತವರನ್ನು ನೆನೆಯುವ ನವೆಂಬರ್ ಒಂದರಂದು ಊರೆಲ್ಲ ಸ್ಮಶಾನದಲ್ಲಿ ಸೇವಂತಿಗೆ, ದೀಪ ಇಡುವಾಗ, ಪರವೂರಿನಿಂದ ಬಂದವರು ಅಂಕಿ ಹಾಕಿಸಲು ಮನೆಯವರು ಮರೆತಿರಬೇಕೆಂದುಕೊಂಡು ಅವಳ ಹೆಸರಿನ ಕೆಳಗೂ ಒಂದು ದೀಪ ಹಚ್ಚಿದರು. ಪಕ್ಕದ ಬೆಂಚಿನಲ್ಲಿದ್ದ ಪೆಲಾಗಿಯಾ ಅವರೊಂದಿಗೆ ತನ್ನದೇ ಆತ್ಮಶಾಂತಿಗೆ ಪ್ರಾರ್ಥಿಸಿ, ದೀಪ ಅಗ್ಗದ್ದು ಎಂದು ಆಮೇಲೆ ಗೊಣಗಿದಳು.

ಈಗಿನ ಕಲ್ಲುಕುಟಿಗ ಬೊನ್ಚಾಕ್ ಅವಳ ‘19’ನ್ನು ಉಜ್ಜಿ ತೆಗೆದು ಹೊಸದಾಗಿ ಕೆತ್ತುತ್ತೇನೆಂದ. ಅವಳು ಅವನನ್ನು ಅಂಗಳದಿಂದಲೇ ಅಟ್ಟಿದಳು. ನನಗೆ ಅವಳ ಸಂಕಟ ಗೊತ್ತಿತ್ತು. ನಮ್ಮ ಚೌಕದ ಹೆಸರು ಅಧಿಕಾರ ಬದಲಾದಾಗಲೆಲ್ಲ ಬದಲಾಗುತ್ತಿತ್ತು. ಜರ್ಮನರಿಗೊಂದು, ಆಮೇಲೆ ಬಂದ ಕಮ್ಯುನಿಸ್ಟ್ ಪಾರ್ಟಿಯವರಿಗೊಂದು ಹೆಸರನ್ನು ಅದೇ ಹಲಗೆಗಲ್ಲಿನ ಮೇಲೆ ಕೆತ್ತಿದವನು ಹಿಪೋಲಿತ್ತೇ. ಎಲ್ಲವನ್ನೂ ಉಜ್ಜಿಹಾಕಿದರು. ಅವಳ ಪಾಲಿಗೆ ಅವನ ಕೈಯ ಅಕ್ಷರ ಉಳಿದದ್ದು ಆ ಗೋರಿಯ ಮೇಲೆ ಮಾತ್ರ.

ಕೊನೆಗೊಂದು ದಿನ ಅವಳೇ ಬೊನ್ಚಾಕ್‌ನನ್ನು ಗೋರಿಯ ಬಳಿಗೆ ಕರೆಸಿದಳು. ಖಾಲಿ ಜಾಗದಲ್ಲಿ 87 ಹಾಕೆಂದಳು. ಅವನು ಉಳಿ ಕೆಳಗಿಟ್ಟು ಪಾದ್ರಿಯನ್ನು ಕರೆತಂದ.

“ಅಮ್ಮಾ, ನೀವು ಹೋದ ಭಾನುವಾರ ನನ್ನ ಹತ್ರಾನೇ ಪಾಪ ನಿವೇದನೆ ಮಾಡಿದೀರಿ. ಸತ್ತು ಎಷ್ಟೋ ವರ್ಷ ಆಯ್ತು ಅಂತ ಹೇಗೆ ಕೆತ್ತಿಸ್ತೀರಿ? ಸುಳ್ಳಲ್ವಾ?”

“ಚೌಕದಲ್ಲಿ ಇಷ್ಟು ವರ್ಷ ಸುಳ್ಳನ್ನೇ ಕೆತ್ತಿಸಿದ್ರಲ್ಲ ಫಾದರ್, ಆಗ ಯಾರೂ ಕೇಳ್ಲಿಲ್ಲ. ಅವರಿದ್ದಾಗ ದಿನಾ ಜಗಳ ಇತ್ತು, ಅಡುಗೆ ಇತ್ತು. ಆಮೇಲೆ ಏನಿತ್ತು? ನಾನು ಹೋಗಿದ್ದು ಅವತ್ತೇ. ಕೆತ್ತಪ್ಪಾ ಬೊನ್ಚಾಕ್. ಅವರು ಕೆತ್ತಿದ ಅಂಕಿ ಮುಟ್ಬೇಡ.”

ಪಾದ್ರಿ ಟೋಪಿ ಸರಿಮಾಡಿಕೊಂಡು ಹೊರಟುಹೋದರು. ಬೊನ್ಚಾಕ್ ಕೆತ್ತಿದ. ಅಲ್ಲಿಂದ ಮುಂದೆ ಆರು ವರ್ಷ ನಮ್ಮ ಊರಿನ ಸತ್ತ ಹೆಂಗಸು ಸಂತೆಯಲ್ಲಿ ಆಲೂಗಡ್ಡೆಗೆ ಚೌಕಾಸಿ ಮಾಡಿದಳು. ನನ್ನ ಬೆಕ್ಕಿಗೆ ಬೈದಳು.

ಈಗ ಅವಳೂ ಆ ಕಲ್ಲಿನಡಿ ಇದ್ದಾಳೆ. ಹೊಸಬರು ನಿಂತು, ಅಯ್ಯೋ, ಗಂಡ ಹೋದ ವರ್ಷವೇ ಹೆಂಡತಿಯೂ ಹೋಗಿದ್ದಾಳೆ, ಎಂಥ ಪ್ರೀತಿ, ಎನ್ನುತ್ತಾರೆ. ತಿದ್ದಲೆಂದು ಬಾಯಿ ತೆರೆಯುತ್ತೇನೆ. ಹೌದು, ಅದೇ ವರ್ಷ ಎನ್ನುತ್ತೇನೆ.